ಓಟಿಪಿ ಅಕ್ಕ

ನನ್ನ ಕನ್ನಡಕದ ಅಂಗಡಿಗೂ ಆಕೆಯ ಜೆರಾಕ್ಸ್ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಮಾಲೀಕ ಒಂದೇ ಮಳಿಗೆಯನ್ನು ಎರಡು ಮಾಡಿ ಇಬ್ಬರಿಗೆ ಬಾಡಿಗೆಗೆ ಕೊಟ್ಟಾಗ ಹೊಡೆಸಿದ್ದು. ಕಣ್ಣಿಗಷ್ಟೇ ಅದು ಗೋಡೆ. ಹನ್ನೆರಡು ವರ್ಷ ಆ ಕಡೆಯ ಮಾತುಗಳನ್ನೆಲ್ಲ ನಾನು ಕೇಳಿಸಿಕೊಂಡಿದ್ದೇನೆ. ಕದ್ದು ಕೇಳಿದೆ ಎಂದು ಯಾರಾದರೂ ಅಂದರೆ ಒಪ್ಪುವುದಿಲ್ಲ. ಲೆನ್ಸ್ ಉಜ್ಜುವವನಿಗೆ ಕೈತುಂಬ ಕೆಲಸವಿದ್ದರೂ ಕಿವಿ ಖಾಲಿ ಇರುತ್ತದೆ.

ಬೀದಿಯೆಲ್ಲ ಆಕೆಯನ್ನು ಓಟಿಪಿ ಅಕ್ಕ ಎಂದು ಕರೆಯುತ್ತದೆ. ನಾನು ಆಕೆಗಿಂತ ಎಂಟು ವರ್ಷ ದೊಡ್ಡವನಾದರೂ ನನ್ನ ಬಾಯಲ್ಲೂ ಅಕ್ಕ ಅಂತಲೇ ಬರುತ್ತದೆ. ಆಕೆಗೆ ನಾನು ಕನ್ನಡಕದಣ್ಣ. ಮೊದಲು ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ವಕೀಲರು ತೀರಿಕೊಂಡ ಮೇಲೆ ಒಂದು ಜೆರಾಕ್ಸ್ ಯಂತ್ರ, ಒಂದು ಕಂಪ್ಯೂಟರ್ ಇಟ್ಟುಕೊಂಡು ಇಲ್ಲಿ ಬಂದು ಕೂತಳು. ಮನೆಯಲ್ಲಿ ವಯಸ್ಸಾದ ತಾಯಿ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಇರೋ ಪಾಸ್‌ವರ್ಡ್‌ಗಳೇ ಸಾಕಾಗಿವೆ, ಅದರ ಮೇಲೆ ಒಬ್ಬ ಗಂಡ ಬೇರೆ ಯಾಕೆ?" ಅನ್ನುತ್ತಿದ್ದಳು.

ಆ ಅಡ್ಡಹೆಸರು ಬಂದ ಬಗೆ ಹೀಗೆ. ಫಾರಂಗಳೆಲ್ಲ ಕಾಗದ ಬಿಟ್ಟು ಕಂಪ್ಯೂಟರಿಗೆ ಹತ್ತಿದ ಕಾಲ. ಮಗುವನ್ನು ಶಾಲೆಗೆ ಸೇರಿಸಬೇಕೆ, ಕೆಲಸಕ್ಕೆ ಅರ್ಜಿ ಹಾಕಬೇಕೆ, ಲೈಸೆನ್ಸ್ ಬೇಕೆ, ಮೊದಲು ಒಂದು ಅಕೌಂಟ್ ಮಾಡಬೇಕು. ಅಕೌಂಟ್ ಮಾಡಲು ಒಂದು ಫೋನ್ ನಂಬರ್ ಬೇಕು. ನಮ್ಮ ಬೀದಿಯಲ್ಲಿ ಆಗ ಮನೆಗೆ ಒಂದು ಫೋನು ಇದ್ದರೆ ಹೆಚ್ಚು, ಅದೂ ಹೊತ್ತು ಮುಳುಗುವ ತನಕ ಗಂಡಸಿನ ಜೇಬಿನಲ್ಲಿ ಊರಾಚೆ. ಕೆಲವರು ಬಟ್ಟೆ ಬದಲಾಯಿಸಿದ ಹಾಗೆ ಸಿಮ್ ಬದಲಾಯಿಸುವವರು. "ಯೋಚನೆ ಮಾಡ್ಬೇಡಿ, ನನ್ನ ನಂಬರೇ ಹಾಕ್ತೀನಿ" ಎಂದು ಅಕ್ಕ ಒಬ್ಬರಿಗೆ ಹಾಕಿದಳು, ಹತ್ತು ಜನಕ್ಕೆ ಹಾಕಿದಳು, ಕೊನೆಗೆ ಅದೇ ಪದ್ಧತಿಯಾಯಿತು. ಅಂಗಡಿಯ ಬೋರ್ಡಿನ ಮೇಲೆ ಮೊಳದುದ್ದ ಬರೆಸಿದ್ದ ಅದೇ ನಂಬರು ನಾನೂರಕ್ಕೂ ಹೆಚ್ಚು ಅಕೌಂಟುಗಳ ಒಳಗೆ ಹೋಗಿ ಕೂತಿತು. ಪಾಸ್‌ವರ್ಡ್ ಏನಿಡಲಿ ಎಂದರೆ ಜನ, "ನೀವೇ ಏನಾದ್ರೂ ಇಡಿ ಅಕ್ಕಾ" ಅನ್ನುವರು. ಆಕೆ ಇಟ್ಟು, ಚೀಟಿಯಲ್ಲಿ ಬರೆದು, ನನ್ನಿಂದ ಇಸಿದುಕೊಂಡ ಹಳೇ ಕನ್ನಡಕದ ಡಬ್ಬಿಗಳಲ್ಲಿ ಜೋಡಿಸುತ್ತಿದ್ದಳು. ಫೋಟೋ, ವಿಳಾಸ, ಹುಟ್ಟಿದ ದಿನ, ಹೋದ ಬಂದ ದಾರಿ ಎಲ್ಲ ಯಾವುದೋ ದೂರದ ಕಂಪನಿಯ ಬಳಿ ಇತ್ತು. ಅದರ ಕೀಲಿಕೈ ಮಾತ್ರ ನನ್ನ ಪಕ್ಕದ ಅಂಗಡಿಯಲ್ಲಿತ್ತು.

ಹೀಗಾಗಿ ಬೆಳಗಿನಿಂದ ಸಂಜೆಯ ತನಕ ಹಲಗೆಯಾಚೆ ಒಂದೇ ರಾಗ.

"ಅಕ್ಕಾ, ಒಂದು ಓಟಿಪಿ ಬಂದಿರ್ಬೇಕು ನೋಡಿ."

"ತಡಿ, ಹಾಂ, ಬರ್ಕೋ. ಏಳು, ಎರಡು, ಎರಡು..."

ಆರು ಅಂಕಿ ಓದುವುದು, ಮೆಸೇಜು ಅಳಿಸುವುದು, ಮತ್ತೆ ಜೆರಾಕ್ಸ್ ಯಂತ್ರದ ಮುಚ್ಚಳ ಎತ್ತುವುದು. ಇದಕ್ಕೆ ಆಕೆ ಒಂದು ಬಿಡಿಗಾಸೂ ತೆಗೆದುಕೊಂಡವಳಲ್ಲ. ಯಾರು ಹೊಸ ಕೆಲಸ ಹುಡುಕುತ್ತಿದ್ದಾರೆ, ಯಾರ ಮಗಳು ಅಪ್ಪನಿಗೆ ಹೇಳದೆ ಪರೀಕ್ಷೆ ಕಟ್ಟಿದ್ದಾಳೆ, ಎಲ್ಲ ಆಕೆಗೆ ಗೊತ್ತಾಗುತ್ತಿತ್ತು. ಬಾಯಿ ಬಿಟ್ಟವಳಲ್ಲ. ನಾನು ಎಷ್ಟೋ ಸಲ ಬಲೆ ಬೀಸಿ ನೋಡಿದ್ದೇನೆ. "ನಿಮ್ಮ ಹಲಗೆಗಿಂತ ನನ್ನ ತುಟಿ ಗಟ್ಟಿ ಕಣಣ್ಣ" ಎಂದು ನಕ್ಕು ಸುಮ್ಮನಾಗುವಳು.

ಒಂದು ದಿನ ನಾನೇ ಕೆಣಕಿದೆ. "ಆ ಮೆಸೇಜಿನಲ್ಲೇ ಬರೆದಿರ್ತಾರಲ್ಲಕ್ಕಾ, ಇದನ್ನ ಯಾರಿಗೂ ಹೇಳಬೇಡಿ ಅಂತ. ನೀನು ನೋಡಿದ್ರೆ ಇಡೀ ಬೀದಿಗೆ ಕೇಳೋ ಹಾಗೆ ಓದ್ತೀಯ."

"ಯಾರಿಗೂ ಅಂದ್ರೆ ಕಳ್ಳರಿಗೆ. ಇವರೆಲ್ಲ ನಮ್ಮವರು. ದನಿ ಕೇಳಿದ್ರೆ ಗೊತ್ತಾಗಲ್ವಾ ನಂಗೆ?"

ದನಿ ಗೊತ್ತಾಗುತ್ತಿದ್ದದ್ದು ನಿಜ. ಹೆಂಡತಿಯ ಓಟಿಪಿಯನ್ನು ಗಂಡ ಕೇಳಿದರೂ ಕೊಡುವಳು, ಅಣ್ಣನದನ್ನು ತಂಗಿ ಕೇಳಿದರೂ ಕೊಡುವಳು. ಮನೆಯವರಲ್ಲವೆ ಎಂಬುದು ಆಕೆಯ ಲೆಕ್ಕ. ನನಗೂ ಆಗ ಅದರಲ್ಲಿ ತಪ್ಪು ಕಾಣಲಿಲ್ಲ. ಕಂಡಿತ್ತು ಎಂದು ಈಗ ಹೇಳಿಕೊಂಡರೆ ಅದು ಹಸಿ ಸುಳ್ಳು.

ಎದುರು ಸಾಲಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹೆಂಗಸೊಬ್ಬಳಿದ್ದಳು. ಮೂವತ್ತೈದರ ಆಸುಪಾಸು, ಮಕ್ಕಳಿಲ್ಲ. ಶಾಲೆಯ ಸಮವಸ್ತ್ರ ಹೊಲಿಯುವುದರಲ್ಲಿ ಎತ್ತಿದ ಕೈ. ಗಂಡ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಿದ್ದ. ಬೀದಿಯಲ್ಲಿ ಅವನಿಗೆ ಒಳ್ಳೇ ಹೆಸರಿತ್ತು. ಎದುರಾದರೆ ನಮಸ್ಕಾರ ತಪ್ಪಿಸುವವನಲ್ಲ, ಯಾರದ್ದಾದರೂ ಮಂಚ ಬೀರು ಇದ್ದರೆ ಪುಕ್ಕಟೆ ಸಾಗಿಸಿಕೊಡುವನು. ಆಕೆ ಒಂದೇ ವರ್ಷದಲ್ಲಿ ಮೂರು ಸಲ ಕನ್ನಡಕ ರಿಪೇರಿಗೆ ತಂದಳು. ಮೂರು ಸಲವೂ "ಕೈಜಾರಿ ಬಿತ್ತು" ಅಂದಳು. ಬಿದ್ದ ಕನ್ನಡಕ ಹೇಗೆ ಮುರಿಯುತ್ತದೆ ಎಂದು ಮೂವತ್ತು ವರ್ಷದಿಂದ ನೋಡಿದವನು ನಾನು. ಬಿದ್ದದ್ದರ ಗಾಜಿನ ಅಂಚು ಸೀಳುತ್ತದೆ. ಮುಖದ ಮೇಲಿರುವಾಗಲೇ ಪೆಟ್ಟು ತಿಂದದ್ದರ ಕಡ್ಡಿ ಹೊರಕ್ಕೆ ಬಾಗುತ್ತದೆ, ಮೂಗಿನ ಮೇಲಿನ ತಂತಿ ಒಳಕ್ಕೆ ಮಡಚಿಕೊಳ್ಳುತ್ತದೆ. ಮೂರೂ ಸಲ ತಂತಿ ನೆಟ್ಟಗೆ ಮಾಡಿಕೊಟ್ಟೆ, ಮೂರೂ ಸಲ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತಿಗೂ ನನಗೆ ಅದರ ಬಗ್ಗೆ ನಾಚಿಕೆಯಿದೆ.

ಅಕ್ಕನಿಗೆ ಆಕೆ ಹೇಳಿಕೊಂಡಳು. ಒಂದು ಮಧ್ಯಾಹ್ನ ಜನವಿಲ್ಲದ ಹೊತ್ತಿಗೆ ಕೈಚೀಲದೊಡನೆ ಬಂದು, ಫೋನನ್ನು ಮೇಜಿನ ಮೇಲಿಟ್ಟು, "ಅಕ್ಕಾ, ನನ್ನ ಪಾಸ್‌ವರ್ಡ್ ಬದಲಾಯಿಸಿಬಿಡಿ. ಹಳೇದು ಅವರಿಗೆ ಗೊತ್ತು. ಸಿಮ್ಮೂ ತೆಗೆದುಬಿಡಿ" ಅಂದಳು. ಆಮೇಲೆ, "ಬೇರೆ ಊರಿಗೆ ಹೋಗ್ತಿದೀನಿ. ಯಾವ ಊರು ಅಂತ ನಿಮಗೂ ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಯಾರು ಕೇಳಿದ್ರೂ ಗೊತ್ತಿಲ್ಲ ಅಂದ್ಬಿಡಿ" ಅಂದಳು.

"ಗೊತ್ತೇ ಇಲ್ವಲ್ಲೇ, ಸುಳ್ಳು ಹೇಳೋ ಕಷ್ಟವೂ ಇಲ್ಲ" ಅಂದಳು ಅಕ್ಕ. ಪಾಸ್‌ವರ್ಡ್ ಬದಲಾಯಿಸಿಕೊಟ್ಟಳು. ಅಕೌಂಟಿನೊಳಗಿದ್ದ ತನ್ನದೇ ಫೋನ್ ನಂಬರನ್ನು ಬದಲಾಯಿಸಬೇಕೆಂದು ಅಕ್ಕನಿಗೆ ಹೊಳೆಯಲಿಲ್ಲ. ತನ್ನ ನಂಬರಿಗಿಂತ ಭದ್ರವಾದ ಜಾಗ ಇನ್ನೆಲ್ಲಿದೆ ಎಂದು ಅಂದುಕೊಂಡಿರಬೇಕು.

ಮರುದಿನದಿಂದ ವ್ಯಾನಿನವನು ಹುಡುಕಾಟ ಶುರುಮಾಡಿದ. ಅಕ್ಕನ ಅಂಗಡಿಗೂ ಬಂದ. ಗದರಲಿಲ್ಲ, ಕಣ್ಣಲ್ಲಿ ನೀರು ತಂದುಕೊಂಡ. ಅಕ್ಕ ಗೊತ್ತಿಲ್ಲ ಅಂದಳು. ಒಂದು ವಾರ ಬಿಟ್ಟು ಅವನ ತಾಯಿ ಬಂದು ಸೆರಗೊಡ್ಡಿ ಅತ್ತಳು. ಅಕ್ಕ ನೀರು ಕೊಟ್ಟಳು, ಗೊತ್ತಿಲ್ಲ ಅಂದಳು. ಬೀದಿಯಲ್ಲಿ ಒಂದಿಬ್ಬರು ಹಿರಿಯರು "ಸಂಸಾರ ಅಂದ್ಮೇಲೆ ಹೆಚ್ಚುಕಮ್ಮಿ ಇರುತ್ತೆ, ನೀನು ಮನಸ್ಸು ಮಾಡಿದ್ರೆ ಹೇಳಬಹುದು" ಎಂದು ಬುದ್ಧಿ ಹೇಳಲು ಬಂದರು. ಅವರಿಗೂ ಅದೇ ಉತ್ತರ. ಅಕ್ಕನ ಬಗ್ಗೆ ನನಗೆ ಹೆಮ್ಮೆಯಾಯಿತು. ಹೀಗೆ ಏಳು ತಿಂಗಳು ಕಳೆಯಿತು.

ಅವತ್ತು ಶಾಲಾ ಪ್ರವೇಶದ ಅರ್ಜಿಗೆ ಕೊನೆಯ ದಿನ. ಅಕ್ಕನ ಅಂಗಡಿಯ ಮುಂದೆ ಜನ ಜನ. ನನ್ನ ಬಾಗಿಲಿನ ತನಕ ಸಾಲು ಬಂದು, ನನ್ನ ಗಿರಾಕಿಗಳಿಗೆ ಒಳಗೆ ಬರಲು ದಾರಿಯಿಲ್ಲದೆ ನಾನು ಎಗರಾಡುತ್ತಿದ್ದೆ. ಅಷ್ಟರಲ್ಲಿ ಅಕ್ಕನ ಫೋನು ಹೊಡೆದುಕೊಂಡಿತು.

"ಅಕ್ಕಾ, ನಾನು. ಫೋನು ಬದಲಾಯಿಸಿದೆ. ನನ್ನದೊಂದು ಓಟಿಪಿ ಬಂದಿರ್ಬೇಕು ನೋಡಿ."

ವ್ಯಾನಿನವನ ದನಿ, ಅಕ್ಕ ಆಮೇಲೆ ಹೇಳಿದ್ದು. ಅವನಿಗೂ ಆಕೆ ಹಿಂದೆ ಅಕೌಂಟ್ ಮಾಡಿಕೊಟ್ಟಿದ್ದಳು, ಅದರಲ್ಲೂ ಇದೇ ನಂಬರು. ಬಂದ ಮೆಸೇಜಿನಲ್ಲಿ ಆರು ಅಂಕಿಗಳಿದ್ದವು, ಯಾರಿಗೂ ಹೇಳಬೇಡಿ ಎಂದಿತ್ತು. ಯಾರ ಅಕೌಂಟಿನದು ಎಂದು ಇರಲಿಲ್ಲ. ಕಂಪನಿ ಅದನ್ನು ಬರೆಯುವುದೇ ಇಲ್ಲ. ಒಂದು ನಂಬರಿಗೆ ಒಬ್ಬನೇ ಮನುಷ್ಯ ಎಂಬುದು ಅವರ ಎಣಿಕೆ. ಅಕ್ಕ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು, ಯಾರದೋ ಫೋಟೋ ಕತ್ತರಿಸುತ್ತಲೇ, ಆರೂ ಅಂಕಿಗಳನ್ನು ಓದಿದಳು. ನಾನೂ ಕೇಳಿಸಿಕೊಂಡೆ. ನನ್ನ ತಲೆಗೂ ಏನೂ ಹೋಗಲಿಲ್ಲ.

ನಡೆದದ್ದು ಇಷ್ಟು. ಅವನು ಹೆಂಡತಿಯ ಅಕೌಂಟಿನ ಹೆಸರು ಹಾಕಿ, ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದ್ದಾನೆ. ಇಂಥ ಎರಡು ಅಂಕಿಯಲ್ಲಿ ಕೊನೆಯಾಗುವ ನಂಬರಿಗೆ ಓಟಿಪಿ ಕಳಿಸುತ್ತೇವೆ ಎಂದು ಕಂಪನಿ ಹೇಳಿದೆ. ಆ ಎರಡು ಅಂಕಿ ಅಕ್ಕನ ಬೋರ್ಡಿನ ಮೇಲೆ ದಿನಾ ಕಾಣುತ್ತಿದ್ದದ್ದೇ.

ಸಂಜೆ ನಾಲ್ಕಕ್ಕೆ ಇನ್ನೊಂದು ಮೆಸೇಜು ಬಂತು. ಈ ಅಕೌಂಟಿನಿಂದ ನಿಮ್ಮ ನಂಬರನ್ನು ತೆಗೆಯಲಾಗಿದೆ ಎಂದು. ಅದರಲ್ಲಿ ಮಾತ್ರ ಅಕೌಂಟಿನ ಹೆಸರಿನ ಮೊದಲೆರಡು ಅಕ್ಷರ, ಸಾಲಾಗಿ ನಕ್ಷತ್ರದ ಗುರುತು, ಕೊನೆಗೆ ಮೂವತ್ತಾರು ಎಂಬ ಅಂಕಿ ಇತ್ತು. ಅಕೌಂಟ್ ಮಾಡುವಾಗ ಒಂದು ಅಂಕಿ ಹೇಳು ಎಂದರೆ ಹೊಲಿಗೆಯವಳು ಆ ಹೊತ್ತಿಗೆ ಕೈಯಲ್ಲಿದ್ದ ಪ್ಯಾಂಟಿನ ಸೊಂಟದ ಅಳತೆ ಹೇಳಿ ನಗಿಸಿದ್ದಳಂತೆ. ಅಕ್ಕನಿಗೆ ಅದು ನೆನಪಾಯಿತು. "ಕನ್ನಡಕದಣ್ಣಾ, ಒಂದ್ನಿಮಿಷ ಬನ್ನಿ" ಎಂದ ದನಿ ಕೇಳಿಯೇ ನಾನು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟು ಓಡಿದೆ.

"ಅದರೊಳಗೆ ಏನಿರುತ್ತೆ?" ಎಂದು ಕೇಳಿದೆ.

"ಎಲ್ಲ. ಅವಳು ತೆಗೆದ ಫೋಟೋ, ಹೊಸ ಊರಿನವರ ನಂಬರು. ಫೋನು ದಿನಾ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ನಕ್ಷೆಯಲ್ಲಿ ಗೆರೆ ಎಳೆದು ಇಟ್ಟಿರ್ತಾರೆ. ರಾತ್ರಿ ಎಲ್ಲಿ ನಿಲ್ಲುತ್ತೆ ಅಂತ ನೋಡಿದ್ರೆ ಸಾಕು, ಮನೆ ಸಿಕ್ತು."

ಅಂಗಡಿಯ ಮುಂದಿನ ಸಾಲನ್ನು ನಾನು ಚದುರಿಸಿದೆ. ಅಕ್ಕ ಕಂಪನಿಯ ಸಹಾಯದ ಪುಟ ತೆರೆದಳು. ಅಕೌಂಟ್ ಯಾವಾಗ ಮಾಡಿದ್ದು, ಹಳೇ ಪಾಸ್‌ವರ್ಡ್ ಏನು, ಅದಕ್ಕೂ ಹಿಂದಿನದು ಏನು ಎಂದೆಲ್ಲ ಅದು ಕೇಳಿತು. ಡಬ್ಬಿಯ ಚೀಟಿ ನೋಡಿ ಎಲ್ಲದಕ್ಕೂ ಸರಿಯುತ್ತರ ಕೊಟ್ಟಳು. ನೀವೇ ಇದರ ಒಡೆಯರು ಎಂದು ನಮಗೆ ಖಚಿತವಾಗಲಿಲ್ಲ, ನಿಮ್ಮ ಸುರಕ್ಷತೆಯೇ ನಮಗೆ ಮುಖ್ಯ ಎಂದು ಉತ್ತರ ಬಂತು. ಮಾತಾಡಲು ಒಂದು ನಂಬರಿಲ್ಲ, ಒಬ್ಬ ನರಪಿಳ್ಳೆಯಿಲ್ಲ. ನಾನು ಆ ಕಂಪ್ಯೂಟರಿಗೇ ಬಯ್ದೆ, ಬಾಯಿಗೆ ಬಂದಂತೆ ಬಯ್ದೆ. ಅಕ್ಕ ಬಯ್ಯಲಿಲ್ಲ. "ಅವರು ಹೇಳೋದು ಸರಿಯಾಗೇ ಇದೆಯಲ್ಲಣ್ಣ. ನಾನು ಒಡತಿ ಅಲ್ವಲ್ಲ" ಅಂದಳು.

ಪೊಲೀಸ್ ಠಾಣೆಗೂ ಹೋದೆವು. ಅಲ್ಲಿದ್ದವರು ಕೂರಿಸಿ ಮರ್ಯಾದೆಯಿಂದಲೇ ಕೇಳಿದರು.

"ಆಕೆ ಎಲ್ಲಿದಾಳಮ್ಮಾ?"

"ಗೊತ್ತಿಲ್ಲ ಸರ್."

"ಎಲ್ಲಿದಾಳೆ ಅಂತಲೇ ಗೊತ್ತಿಲ್ಲದವಳನ್ನ ಹೇಗಮ್ಮಾ ಕಾಪಾಡೋದು?"

ವ್ಯಾನುಗಳು ನಿಲ್ಲುವ ಜಾಗಕ್ಕೆ ನಾನೊಬ್ಬನೇ ಹೋಗಿ, ಬೀರು ಸಾಗಿಸುವುದಿದೆ ಎಂದು ನೆಪ ಹೇಳಿ ವಿಚಾರಿಸಿದೆ. ನಾಳೆ ಅವನು ಸಿಗುವುದಿಲ್ಲ, ಬೆಳಗ್ಗೆ ಎಲ್ಲಿಗೋ ದೂರ ಹೋಗುತ್ತಾನಂತೆ, ಖಾಲಿ ವ್ಯಾನ್ ತೆಗೆದುಕೊಂಡು ಎಂದರು. ಖಾಲಿ ವ್ಯಾನ್ ಎಂಬ ಮಾತು ಕೇಳಿ ನಾನು ಓಡೋಡಿ ಅಕ್ಕನ ಬಳಿ ಬಂದೆ. ಉಳಿದದ್ದು ಒಂದೇ ದಾರಿ. ಪಾಸ್‌ವರ್ಡ್ ಬದಲಾದ ಮೇಲೆ ಅವಳ ಫೋನೂ ಅವಳನ್ನು ಹೊರಗೆ ಹಾಕುತ್ತದೆ. ಆಗ ಅವಳು ಯಾರಿಗೆ ಫೋನ್ ಮಾಡುತ್ತಾಳೆ ಎಂದು ಅಕ್ಕನಿಗೆ ಗೊತ್ತಿತ್ತು.

ಮರುದಿನ ಬೆಳಗ್ಗೆ ಆರೂವರೆಗೇ ಅಕ್ಕ ಬಾಗಿಲು ತೆಗೆದಳು. ನಾನೂ ಹೋದೆ. ಎಂಟೂಕಾಲಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಅಕ್ಕ ಅದನ್ನು ಮೇಜಿನ ಮೇಲಿಟ್ಟು ಜೋರುದನಿಗೆ ಹಾಕಿದಳು.

"ಅಕ್ಕಾ, ಹೇಗಿದೀರಾ? ನನ್ನ ಫೋನು ಇದ್ದಕ್ಕಿದ್ದ ಹಾಗೆ ಪಾಸ್‌ವರ್ಡ್ ಕೇಳ್ತಿದೆ. ಹಾಕಿದ್ರೆ ತಪ್ಪು ಅಂತಿದೆ. ನಿಮಗೇನಾದ್ರೂ ಓಟಿಪಿ ಬಂತಾ?"

ಸಾಲಿನಲ್ಲಿದ್ದ ಜನರ ಮಾತು, ಕೊನೆಯ ದಿನದ ಗಡಿಬಿಡಿಯ ಮಾತು ಅಕ್ಕ ಮೊದಲು ಹೇಳುತ್ತಾಳೆ ಎಂದುಕೊಂಡಿದ್ದೆ. ನಾನಾಗಿದ್ದರೆ ಅಲ್ಲಿಂದಲೇ ಶುರುಮಾಡುತ್ತಿದ್ದೆ.

"ನಿನ್ನೆ ಬಂತು ಕಣೇ. ನಾನು ಅದನ್ನ ನಿನ್ನ ಗಂಡನಿಗೆ ಓದಿ ಹೇಳಿದೆ. ಅವನು ವ್ಯಾನ್ ತಗೊಂಡು ಬರ್ತಿದಾನೆ. ಈಗಲೇ ಎದ್ದು ಹೊರಡು."

ಆ ಕಡೆ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು, ಪಕ್ಕದಲ್ಲಿ ಇನ್ಯಾರೋ ಹೊಲಿಯುತ್ತಿರಬೇಕು.

"ಇಪ್ಪತ್ತು ಜೊತೆ ಬಟ್ಟೆ ಕತ್ತರಿಸಿ ಇಟ್ಟಿದೀನಿ ಅಕ್ಕಾ. ನಾಳೆ ಕೊಡಬೇಕು" ಅಂದಳು.

"ಬಿಟ್ಟು ಹೊರಡು."

"ಯಂತ್ರ..."

"ಬಿಡು ಅಂದೆನಲ್ಲ. ಆ ಫೋನನ್ನೂ ಅಲ್ಲೇ ಬಿಡು."

ಅವಳು ಹೊರಟಳು. ಒಂಬತ್ತರ ಹೊತ್ತಿಗೆ ಅವನು ನಕ್ಷೆಯಲ್ಲಿ ಗೆರೆ ನಿಲ್ಲುತ್ತಿದ್ದ ಮನೆಯ ಮುಂದೆ ವ್ಯಾನ್ ನಿಲ್ಲಿಸಿದ. ಫೋಟೋದಲ್ಲಿದ್ದ ಗೇಟನ್ನು ನೋಡಿ ಇದೇ ಎಂದು ಗುರುತು ಹಿಡಿದನಂತೆ. ಮನೆಯೊಡತಿಯ ಮುಂದೆ ಗಂಡ ಎಂದು ಹೇಳಿಕೊಂಡು, ಕೋಣೆಯ ಬಾಗಿಲು ತೆಗೆಸಿ, ಅವಳ ಯಂತ್ರವನ್ನೂ ಕತ್ತರಿಸಿಟ್ಟ ಬಟ್ಟೆಯನ್ನೂ ವ್ಯಾನಿಗೆ ಹೇರಿಕೊಂಡು ಬಂದ. ಏಳು ತಿಂಗಳಲ್ಲಿ ಅವಳು ಕಟ್ಟಿಕೊಂಡ ಬದುಕು ಅಲ್ಲಿಗೆ ಮುಗಿಯಿತು. ಜೀವ ಉಳಿಯಿತು ಎಂದು ನಾನು ಅಕ್ಕನಿಗೆ ಸಮಾಧಾನ ಹೇಳಿದೆ.

ಎರಡು ದಿನದ ಮೇಲೆ ಅವನೇ ಅಕ್ಕನ ಅಂಗಡಿಗೆ ಬಂದ. ಜಗಳಕ್ಕಲ್ಲ. ನಾಲ್ಕಾರು ಜನರ ಎದುರಿಗೆ ಕೈಮುಗಿದು, "ನಿಮ್ಮಿಂದ ದೊಡ್ಡ ಉಪಕಾರ ಆಯ್ತಕ್ಕಾ. ಅರ್ಧ ಗಂಟೆ ಮುಂಚೆ ಹೋಗಿದ್ರೆ ಸಿಕ್ಕಿಬಿಡ್ತಿದ್ದಳು" ಅಂದ. ನಾನು ಹಲಗೆಯ ಈಚೆಯಿಂದ ಎದ್ದು ಹೋಗಿ ಅವನ ಕಾಲರಿಗೆ ಕೈಹಾಕಿದೆ. ಅರವತ್ತರ ಮುದುಕನ ಕೈ, ಅವನು ಸುಲಭವಾಗಿ ಬಿಡಿಸಿಕೊಂಡ. ಆ ಕನ್ನಡಕಗಳು ನನ್ನ ಕೈಯಲ್ಲಿದ್ದಾಗ ಎದ್ದಿದ್ದರೆ ಏನಾದರೂ ಪ್ರಯೋಜನವಿತ್ತು. ಅವನು ಹೋದ ಮೇಲೆ ಅಕ್ಕ ಬಾಗಿಲೆಳೆದುಕೊಂಡು ಮನೆಗೆ ಹೋದಳು. ಹನ್ನೆರಡು ವರ್ಷದಲ್ಲಿ ಮಧ್ಯಾಹ್ನವೇ ಆಕೆ ಅಂಗಡಿ ಮುಚ್ಚಿದ್ದು ಅದೊಂದೇ ದಿನ.

ಆಮೇಲೆ ಆಕೆ ಹಿಡಿದ ಕೆಲಸ ಬೀದಿಗೆ ಹಿಡಿಸಲಿಲ್ಲ. ಡಬ್ಬಿಗಳನ್ನು ಒಂದೊಂದಾಗಿ ತೆರೆದು, ಒಬ್ಬೊಬ್ಬರನ್ನೇ ಕರೆಸಿ, ಅವರವರ ನಂಬರು ಹಾಕಿಸಿ, ತನ್ನದನ್ನು ತೆಗೆಯತೊಡಗಿದಳು. ಪಾಸ್‌ವರ್ಡನ್ನು ಅವರ ಕೈಯಲ್ಲೇ ಒತ್ತಿಸುವಳು, ಅವರು ಒತ್ತುವಾಗ ಗೋಡೆ ಕಡೆ ತಿರುಗಿ ಕೂರುವಳು. ಜನಕ್ಕೆ ಇದು ಅವಮಾನದಂತೆ ಕಂಡಿತು. "ನಾವೇನು ಕಳ್ಳರಾ?" ಎಂದು ಕೇಳಿದವರಿದ್ದಾರೆ. "ನಿಮಗೆ ಹೊರೆ ಆಯ್ತು ಅಂದ್ರೆ ನೇರವಾಗಿ ಹೇಳಿ" ಎಂದು ಮುಖ ತಿರುಗಿಸಿದವರಿದ್ದಾರೆ. ಹಣ್ಣಿನಂಗಡಿಯ ಅಜ್ಜನಂತೂ, "ನನ್ನ ಓಟಿಪಿ ನಾನೇ ನೋಡ್ಕೊಂಡ್ರೆ ನಿನ್ನ ಹತ್ತಿರ ಮಾತಾಡೋಕೆ ನೆಪ ಏನಮ್ಮಾ?" ಎಂದು ಬೇಸರಪಟ್ಟ. ಆಕೆ ಯಾರ ಜೊತೆಗೂ ವಾದಕ್ಕಿಳಿಯಲಿಲ್ಲ. ಐದು ತಿಂಗಳಲ್ಲಿ ನಾನೂರೂ ಮುಗಿದವು. ಫೋನು ಹೊಡೆದುಕೊಳ್ಳುವುದು ಕಡಿಮೆಯಾಯಿತು. ನನಗೆ ಕೆಲಸ ಮಾಡುವಾಗ ಹೊತ್ತು ಹೋಗದಂತಾಯಿತು.

ಹೊಲಿಗೆಯವಳಿಂದ ಸುದ್ದಿಯಿರಲಿಲ್ಲ. ಕಳೆದ ವಾರ ಬೆಳಗ್ಗೆ ಹತ್ತರ ಸುಮಾರಿಗೆ ಫೋನು ಬಂತು. ಅಕ್ಕ ಹಲೋ ಅಂದವಳು ಆಮೇಲೆ ದನಿ ತಗ್ಗಿಸಿದಳು. ನಾನು ಉಜ್ಜುವುದನ್ನು ನಿಲ್ಲಿಸಿ ಹಲಗೆಯ ಹತ್ತಿರ ಹೋದೆ. ಈ ಸಲ ಕದ್ದೇ ಕೇಳಿದೆ. ಎಲ್ಲೋ ಕೆಲಸ ಸಿಗುವಂತಿದೆ, ಬಟ್ಟೆ ಕಾರ್ಖಾನೆ, ಅರ್ಜಿ ಹಾಕಲು ಹೊಸ ಅಕೌಂಟ್ ಬೇಕು, ಅಕ್ಕನೇ ಮಾಡಿಕೊಡಬೇಕು ಎಂಬುದು ಇತ್ತಕಡೆಯ ಮಾತಿನಿಂದ ತಿಳಿಯಿತು.

"ನಾನು ಮಾಡಲ್ಲ. ನೀನೇ ಮಾಡ್ತೀಯ. ಹೇಳಿಕೊಡ್ತೀನಿ, ಒತ್ತು" ಅಂದಳು ಅಕ್ಕ. ಜೋರುದನಿಗೆ ಹಾಕಿ, ತನ್ನ ಕಂಪ್ಯೂಟರಿನಲ್ಲೂ ಅದೇ ಪುಟ ತೆರೆದುಕೊಂಡು, ಇಲ್ಲಿ ಒತ್ತು, ಅಲ್ಲಿ ಬರೆ ಎಂದು ಒಂದೊಂದನ್ನೇ ಹೇಳುತ್ತಾ ಹೋದಳು. ಹೆಸರು ಏನಿಡುತ್ತೀಯೆಂದು ಕೇಳಲಿಲ್ಲ. ನಂಬರು ಬರೆಯುವ ಜಾಗಕ್ಕೆ ಬಂದಾಗ, "ನಿನ್ನದೇ ಹಾಕು" ಅಂದಳು. ಮುಕ್ಕಾಲು ಗಂಟೆ ಹಿಡಿಯಿತು. ಅಕ್ಕನೇ ಮಾಡಿದ್ದರೆ ನಾಲ್ಕು ನಿಮಿಷದ ಕೆಲಸ.

"ಬಂತು ಅಕ್ಕಾ! ನನ್ನ ಫೋನಿಗೇ ಬಂತು!" ಎಂದು ಆ ಕಡೆಯಿಂದ ಹಿಗ್ಗಿದ ದನಿ. "ಬರ್ಕೊಳ್ಳಿ. ಐದು, ಸೊನ್ನೆ..."

"ಹೇಳಬೇಡ!"

ಅಕ್ಕ ಕಿರುಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಲಗೆಗೆ ಒರಗಿದ್ದವನು ಬೆಚ್ಚಿ ಹಿಂದೆ ಸರಿದೆ.

"ಯಾಕಕ್ಕಾ? ನೀವೇ ತಾನೆ, ನಿಮಗೆ ಹೇಳಿದ್ರೆ ಏನಾಗುತ್ತೆ?"

"ಹೋದ ಸಲ ಕೊಟ್ಟಿದ್ದೂ ನಾನೇ ಕಣೇ" ಅಂದಳು ಅಕ್ಕ. "ನಂಗೂ ಹೇಳಬೇಡ."

ಅಕ್ಕ ಫೋನು ಇಟ್ಟಳು. ಹೊಲಿಗೆಯವಳು ಅಂಕಿಗಳನ್ನು ಸರಿಯಾಗಿ ಒತ್ತಿದಳೋ ಇಲ್ಲವೋ, ಅಕೌಂಟ್ ಆಯಿತೋ ಇಲ್ಲವೋ ನಮಗೆ ತಿಳಿಯಲಿಲ್ಲ. ಮತ್ತೆ ಫೋನು ಬಂದಿಲ್ಲ.